ಎಂಟು ಪುಟದ ಕ್ರೀಡಾ ವಾರ್ತೆ, ಅದರಲ್ಲಿ ಒಂದೂವರೆ ಸಾಲು ಆಟ

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ದಪ್ಪ ಪುಸ್ತಕದಿಂದ ಲಗ್ನಪತ್ರಿಕೆವರೆಗೆ ಏನು ಬೇಕಾದರೂ ಇಲ್ಲಿ ಅಚ್ಚಾಗುತ್ತದೆ. ಇಂಥ ಊರಲ್ಲಿ ಒಂದು ಹೈಸ್ಕೂಲು ತನ್ನ ಆಟೋಟಕ್ಕೆ ಅಂತ ಒಂದು ನ್ಯೂಸ್‌ಲೆಟರ್ ತರದೇ ಇದ್ದರೆ ಊರಿಗೇ ಅವಮಾನ ಅಲ್ವಾ? ಅದಕ್ಕೇ ತಂದಿದ್ದಾರೆ. ಎಂಟು ಪುಟ, ಆರ್ಟ್ ಪೇಪರು, ಪೂರ್ತಿ ಮಲ್ಟಿಕಲರ್. ಕೈಯಲ್ಲಿ ಹಿಡಿದರೆ ಜಾರುತ್ತದೆ. ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಶಾಲೆಯವರು "ನಮ್ಮದೂ ಹಿಂಗ ಐತಲ್ರೀ, ನಮ್ಮನ್ಯಾಕ ಬಿಟ್ರಿ" ಅಂತ ಬೇಜಾರು ಮಾಡಿಕೊಂಡಾರು.

ವಿಷಯ ಇಷ್ಟೇ. ಆ ಶಾಲೆಯ ಹುಡುಗಿಯರ ಖೋ ಖೋ ತಂಡ ತಾಲ್ಲೂಕು ಗೆದ್ದಿತು, ಜಿಲ್ಲೆ ಗೆದ್ದಿತು, ಬೆಳಗಾವಿ ವಿಭಾಗ ಮಟ್ಟಕ್ಕೆ ಹೋಯಿತು. ವಿಭಾಗ ಅಂದರೆ ಸಣ್ಣದಲ್ಲ. ವಿಜಯಪುರದ ಬಯಲಿನಿಂದ ಕಾರವಾರದ ಕಡಲಿನವರೆಗೆ ಎಲ್ಲ ಅದರೊಳಗೇ. ಅಲ್ಲಿ ಸೆಮಿಫೈನಲ್‌ನಲ್ಲಿ ಒಂದೇ ಒಂದು ಪಾಯಿಂಟಿಗೆ ಸೋತು ಬಂದರು. ಬಸ್ ಇಳಿದಾಗ ಮೂವರ ಮೊಣಕಾಲು ಕೆತ್ತಿ ಹೋಗಿತ್ತು. ಆಡಳಿತ ಮಂಡಳಿಗೆ ಭಾರೀ ಖುಷಿ ಆಯಿತು. ಈ ಸಾಧನೆ ನಾಲ್ಕು ಮಂದಿಗೆ ಗೊತ್ತಾಗಬೇಕು, ಒಂದು ನ್ಯೂಸ್‌ಲೆಟರ್ ಮಾಡೋಣ ಅಂತ ಠರಾವು ಪಾಸಾಯಿತು.

ಇಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು.

ಮೊದಲು ಸಂಪಾದಕ ಮಂಡಳಿ ಆಯಿತು. ಗೌರವ ಸಂಪಾದಕರು, ಪ್ರಧಾನ ಸಂಪಾದಕರು, ಕಾರ್ಯನಿರ್ವಾಹಕ ಸಂಪಾದಕರು, ಸಲಹೆಗಾರರು, ಮಾರ್ಗದರ್ಶಕರು, ಪ್ರೇರಕರು. ಪ್ರೇರಕರು ಏನು ಮಾಡುತ್ತಾರೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ನನ್ನನ್ನೂ ಒಂದು ಹುದ್ದೆಗೆ ಹಾಕುತ್ತಿದ್ದರೇನೋ. ಖೋ ಖೋದಲ್ಲಿ ಒಂದು ತಂಡದಿಂದ ಅಂಗಳಕ್ಕೆ ಇಳಿಯುವವರು ಒಂಬತ್ತು ಜನ. ಮಂಡಳಿಯಲ್ಲಿ ಹದಿನಾಲ್ಕು. ಆಟದ ನಿಯಮ ಮಾತ್ರ ಎರಡೂ ಕಡೆ ಒಂದೇ. ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂರುವುದು. ಹಿಂದಿನಿಂದ ಯಾರಾದರೂ ಬೆನ್ನು ತಟ್ಟಿ ಖೋ ಅಂದರೆ ಎದ್ದು ಓಡಲೇಬೇಕು. ಹೆಡ್ ಮಾಸ್ತರು ಪಿಟಿ ಮಾಸ್ತರಿಗೆ ಖೋ ಕೊಟ್ಟರು. ಪಿಟಿ ಮಾಸ್ತರು "ನನಗ ಬರಿಯಾಕ ಬರೂದಿಲ್ರೀ" ಅಂತ ಕನ್ನಡ ಮಾಸ್ತರಿಗೆ ಕೊಟ್ಟರು. ಕನ್ನಡ ಮಾಸ್ತರು ಪೇಪರ್ ತಿದ್ದುವ ಕೆಲಸದಲ್ಲಿದ್ದರು, ಕಂಪ್ಯೂಟರ್ ಟೀಚರಿಗೆ ಕೊಟ್ಟರು. ಟೀಚರು ಒಂಬತ್ತನೇ ಇಯತ್ತೆಯ ಒಬ್ಬ ಹುಡುಗನಿಗೆ ಕೊಟ್ಟರು. ಆ ಹುಡುಗನ ಹಿಂದೆ ಯಾರೂ ಕೂತಿರಲಿಲ್ಲ. ಹಾಗಾಗಿ ನ್ಯೂಸ್‌ಲೆಟರ್ ಬರೆದವನು ಅವನು. ಮಂಡಳಿಯ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಅದು ಬೇರೆ ಮಾತು.

ಪಾಪ, ಹುಡುಗ ಚೆನ್ನಾಗೇ ಬರೆದಿದ್ದ. ಮೊಬೈಲಲ್ಲಿ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ. ಡಿಟಿಪಿ ಅಂಗಡಿಯವರು ಅದನ್ನು ಹಳೇ ಪೇಜ್‌ಮೇಕರ್‌ಗೆ ಹಾಕಿದರು. ಮೊಬೈಲಿನದು ಯೂನಿಕೋಡ್, ಅಂಗಡಿಯದು ಹಳೇ ನುಡಿ ಫಾಂಟು. ಎರಡಕ್ಕೂ ಆಗಿಬರುವುದಿಲ್ಲ. ಪಂದ್ಯದ ವರದಿ ಪೂರ್ತಿ ಪ್ರಶ್ನೆ ಚಿಹ್ನೆಗಳಾಗಿ ಕೂತಿತು. ಪ್ರೂಫ್ ನೋಡಿದ ಸಲಹೆಗಾರರೊಬ್ಬರು "ಏನ್ರೀ ಇದು, ಕ್ವಿಝ್ ಏನು? ಆಟದ ಪತ್ರಿಕಿಯೊಳಗ ಕ್ವಿಝ್ ಯಾಕ ಬೇಕು, ತಗೀರಿ" ಅಂದರು. ತೆಗೆದರು. ಸೆಮಿಫೈನಲ್ ಕಥೆ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಅದೇ ಅಂಗಡಿಯಲ್ಲಿ ನಮ್ಮ ಮನೆಯ ಗೃಹಪ್ರವೇಶದ ಕಾರ್ಡು ಮಾಡಿಸಲು ನಾನೂ ಕೂತಿದ್ದೆ. ಎರಡು ಕೆಲಸಕ್ಕೂ ಒಬ್ಬನೇ ಆಪರೇಟರ್. ನಮ್ಮ ಕಾರ್ಡಿಗೆ ಗಣಪತಿ ಹುಡುಕುತ್ತಾ ಆ ಕಡೆ ಗಣ್ಯರನ್ನು ಜೋಡಿಸುತ್ತಿದ್ದ.

ಜೋಡಿಸುವುದು ಅಂದರೆ ಸುಮ್ನೆ ಅಲ್ಲ. ಮೊದಲು ನಾಲ್ಕು ಪುಟ ಸಾಕು ಅಂದಿದ್ದರಂತೆ. ಒಂದು ಎ3 ಹಾಳೆ ನಡುವೆ ಮಡಚಿದರೆ ನಾಲ್ಕು ಪುಟ, ಖರ್ಚೂ ಕಡಿಮೆ. ಆಮೇಲೆ ಶುಭ ಸಂದೇಶಗಳು ಬರತೊಡಗಿದವು. ನಾಲ್ಕು ಪುಟ ತುಂಬಿ ಒಂದೇ ಒಂದು ಸಂದೇಶ ಹೆಚ್ಚಾಯಿತು. ಮಡಚುವ ಪತ್ರಿಕೆಯಲ್ಲಿ ಐದು ಪುಟ ಅಂತ ಇರುವುದಿಲ್ಲ, ನಾಲ್ಕಾದ ಮೇಲೆ ಎಂಟೇ. ಆ ಒಂದು ಸಂದೇಶಕ್ಕೆ ನಾಲ್ಕು ಪುಟ ಜಾಸ್ತಿ ಆದವು. ಆ ನಾಲ್ಕನ್ನು ತುಂಬಿಸಲು ಮತ್ತಷ್ಟು ಸಂದೇಶ ತರಿಸಿದರು.

ಫೋಟೋದ್ದು ಇನ್ನೊಂದು ಕಥೆ. ಶಾಲೆಯಿಂದ ಬಂದವರು ಕಂಪ್ಯೂಟರಿನ ಪರದೆಗೆ ಸ್ಕೇಲು ಹಿಡಿದು ಅಳೆಯುತ್ತಿದ್ದರು. "ಇವರದು ನಾಲ್ಕು ಸೆಂಟಿಮೀಟರ್ ಇರ್ಲಿ. ಅವರದು ಮೂರೂವರಿ. ಇವರ ಪಕ್ಕಕ್ಕ ಅವರು ಬ್ಯಾಡ, ಮಾತಿಲ್ಲ ಇಬ್ಬರಿಗೂ." ಹೊಸದಾಗಿ ಒಬ್ಬರ ಫೋಟೋ ಬಂದಾಗಲೆಲ್ಲ ಎಲ್ಲರನ್ನೂ ಒಂದಿಷ್ಟು ಒತ್ತರಿಸಬೇಕು. ಗಣ್ಯರನ್ನು ಒತ್ತರಿಸುವಂತಿಲ್ಲ. ಕೆಳಗೆ ತಂಡದ ಗ್ರೂಪ್ ಫೋಟೋ ಇತ್ತಲ್ಲ, ಅದೇ ಪ್ರತಿ ಸಲ ಸಣ್ಣದಾಯಿತು. ಪೋಸ್ಟ್‌ಕಾರ್ಡ್ ಇದ್ದದ್ದು ಬೆಂಕಿಪೊಟ್ಟಣ ಆಯಿತು, ಬೆಂಕಿಪೊಟ್ಟಣ ಇದ್ದದ್ದು ಸ್ಟಾಂಪು ಆಯಿತು. ಕೊನೆಗೆ ಆಪರೇಟರೇ ಹೇಳಿದ, "ಸರ್, ಇಷ್ಟು ಸಣ್ಣದಾದರ ಮಾರಿ ಕಾಣೂದಿಲ್ರೀ, ಬರೇ ಚುಕ್ಕಿ ಬರ್ತಾವು." ಬಂದವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾರ ತಗದ ಬಿಡ್ರಿ, ಹುಡುಗ್ಯಾರಿಗೆ ಬೇಜಾರಾಗಬಾರದು" ಅಂದರು.

ಹುಡುಗಿಯರು ಇರುವ ಒಂದು ಫೋಟೋ ಮಾತ್ರ ಉಳಿದಿದೆ. ಮೂರನೇ ಪುಟದಲ್ಲಿ ಕಪ್ ಕೊಡುವ ಫೋಟೋ. ಕಪ್ಪಿಗೆ ಇರುವುದು ಎರಡು ಹಿಡಿಕೆ, ಹಿಡಿದಿರುವ ಕೈ ಏಳು. ಏಳರಲ್ಲಿ ಆರು ಕೈಗೆ ವಾಚಿದೆ. ವಾಚಿಲ್ಲದ್ದು ಕ್ಯಾಪ್ಟನ್ ಕೈ ಇರಬೇಕು. ಭೂತಗನ್ನಡಿ ಹಿಡಿದರೆ ಸಫಾರಿ ಹಾಕಿದ ಒಬ್ಬರ ಮೊಣಕೈಗೂ ಹಿಂದಿನ ಬ್ಯಾನರಿಗೂ ನಡುವೆ ಒಂದು ಕೆಂಪು ರಿಬ್ಬನ್ ಕಾಣುತ್ತದೆ. ಕೆಳಗಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಆರು ಜನರ ಹೆಸರು, ಪದವಿ ಸಮೇತ ಇದೆ. ಕೊನೆಗೆ "ಮತ್ತು ವಿದ್ಯಾರ್ಥಿನಿ".

ಆಟದ ಬಗ್ಗೆ ಏನೂ ಬರೆದಿಲ್ಲ ಅಂತ ಹೇಳಿದರೆ ಅನ್ಯಾಯ ಆಗುತ್ತದೆ. ಆರನೇ ಪುಟದಲ್ಲಿ ಒಂದೂವರೆ ಸಾಲಿದೆ. "ನಮ್ಮ ಶಾಲೆಯ ವಿದ್ಯಾರ್ಥಿಗಳು ಕಬಡ್ಡಿ ಮುಂತಾದ ಆಟಗಳಲ್ಲಿ ಭಾಗವಹಿಸಿ ಉತ್ತಮ ಪ್ರದರ್ಶನ ನೀಡಿರುತ್ತಾರೆ." ಆಡಿದ್ದು ಖೋ ಖೋ. ಅದು ಮುಂತಾದದ್ದರಲ್ಲಿ ಬಂತು.

ಗದಗಿನವರಿಗೆ ನೆನಪಿರುತ್ತದೆ, ನಮ್ಮೂರ ಕ್ರಿಕೆಟಿಗ ಸುನೀಲ್ ಜೋಶಿ ಹುಡುಗನಿದ್ದಾಗ ಬೆಳಗ್ಗೆ ಪ್ರಾಕ್ಟೀಸಿಗೆ ಹುಬ್ಬಳ್ಳಿಗೆ ಹೋಗಿ, ತಿರುಗಿ ಬಂದು ಗದಗಿನಲ್ಲಿ ಶಾಲೆಗೆ ಕೂರುತ್ತಿದ್ದರು. ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಹತ್ತು ಓವರ್ ಹಾಕಿ, ಆರು ಮೇಡನ್, ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಆ ಪಂದ್ಯದ ವರದಿಯನ್ನು ಈ ಮಂಡಳಿಗೆ ಕೊಟ್ಟಿದ್ದರೆ? "ನೈರೋಬಿಯಲ್ಲಿ ಗಣ್ಯರ ಸಮ್ಮುಖದಲ್ಲಿ ಪಂದ್ಯ ಯಶಸ್ವಿ" ಅಂತ ತಲೆಬರಹ. ಸ್ವಾಗತ ಕೋರಿದವರು ಯಾರು, ವಂದಿಸಿದವರು ಯಾರು, ಎಲ್ಲ ವಿವರವಾಗಿ. ಹತ್ತು, ಆರು, ಆರು, ಐದು ಮಾತ್ರ ಇರುತ್ತಿರಲಿಲ್ಲ. "ಅಂಕಿ ಜಾಸ್ತಿ ಆದ್ವು, ಓದೋರಿಗೆ ತ್ರಾಸು."

ಮುನ್ನುಡಿ ಎರಡನೇ ಪುಟದಲ್ಲಿದೆ. ಆರೋಗ್ಯವೇ ಭಾಗ್ಯ, ಪುರಾತನ ಕಾಲದಿಂದಲೂ ಕ್ರೀಡೆ, ಹೀಗೆ. ಅದನ್ನು ಬಿಡೋಣ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯಿತು. ಗಂಡಸರದ್ದೂ ಹೆಂಗಸರದ್ದೂ ಎರಡೂ ಕಪ್ ಭಾರತಕ್ಕೇ ಬಂದವು, ಎರಡೂ ಫೈನಲ್‌ನಲ್ಲಿ ಎದುರಾಳಿ ನೇಪಾಳ. ಹೆಂಗಸರ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಗೆದ್ದು ಬಂದ ಮೇಲೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿದಾಗ ಅವರೂ, ಗಂಡಸರ ತಂಡದ ಗೌತಮ್ ಅವರೂ ಅಷ್ಟಕ್ಕೆ ಒಲ್ಲೆ ಅಂದದ್ದು ಸುದ್ದಿಯಾಗಿತ್ತು. ಈ ಶಾಲೆಯ ಹುಡುಗಿಯರಿಗೆ ಇದೆಲ್ಲ ಬಾಯಿಪಾಠ. ಅವರ ಶಾಲೆಯ ನ್ಯೂಸ್‌ಲೆಟರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ವಿಶ್ವಕಪ್ ಆಡಿದ್ದು ಮ್ಯಾಟಿನ ಮೇಲೆ. ನಮ್ಮ ಹುಡುಗಿಯರು ಕಲಿತದ್ದು ಎರೆಮಣ್ಣಿನ ಮೇಲೆ, ಬರಿಗಾಲಲ್ಲಿ. ವಿಭಾಗ ಮಟ್ಟದಲ್ಲಿ ಮ್ಯಾಟ್ ಹಾಸಿದ್ದರು. ತಿರುಗುವಾಗ ಕಾಲು ಜಾರಿತು ಅಂತ ಪಿಟಿ ಮಾಸ್ತರು ಹೇಳಿದರು. ಶೂ ಕೇಳಿದ್ದರಂತೆ. "ಈ ವರ್ಷ ಬಜೆಟ್ ಎಲ್ಲ ಪತ್ರಿಕಿಗೆ ಹೋತ್ರೀ."

ಪಿಟಿ ಮಾಸ್ತರ ಹತ್ತಿರ ಒಂದು ನೋಟ್‌ಬುಕ್ಕಿದೆ. ಇನ್ನೂರು ಪುಟದ ಸಾದಾ ಬುಕ್ಕು, ರಟ್ಟು ಹರಿದಿದೆ. ಬರೆಯಲು ಬರುವುದಿಲ್ಲ ಅಂದವರು ಅದರಲ್ಲಿ ಬರೆದದ್ದನ್ನು ನಾನು ಓದಿದೆ. ಓಡಿ ತಪ್ಪಿಸಿಕೊಳ್ಳುವ ಮೂವರ ಮೊದಲ ಬ್ಯಾಚು ಔಟಾಗದೆ ಎಷ್ಟು ಹೊತ್ತು ನಿಂತಿತು, ಎರಡನೆಯದು ಎಷ್ಟು, ಯಾರು ಕಂಬದ ಹತ್ತಿರ ಡೈವ್ ಹೊಡೆದು ಎದುರಾಳಿಯನ್ನು ಔಟ್ ಮಾಡಿದರು, ಎಲ್ಲ ನಿಮಿಷ ಸೆಕೆಂಡಿನ ಲೆಕ್ಕದಲ್ಲಿ ಇದೆ. ಒಂದು ಕಡೆ ಹೀಗಿದೆ: "ಸಣ್ಣಕಿ ಕೊನೀ ಬ್ಯಾಚಿನ್ಯಾಗ ಒಬ್ಬಾಕಿನ ಉಳಿದು ಮೂರು ನಿಮಿಷ ಓಡಿದಳು. ಸೀಟಿ ಊದಿದ್ದು ಕೇಳಿಸಲಿಲ್ಲ, ಆಮ್ಯಾಲೂ ಓಡಿದಳು." ಸಣ್ಣಕಿಯ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ, ಮೊದಲು ಅವಳ ಶಾಲೆಯ ಪತ್ರಿಕೆಯಲ್ಲಿ ಬರಲಿ. ನನ್ನನ್ನು ಕೇಳಿದರೆ ಆ ಒಂದು ಪುಟವನ್ನು ಝೆರಾಕ್ಸ್ ಮಾಡಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದರೆ ಸಾಕಿತ್ತು. ನ್ಯೂಸ್‌ಲೆಟರ್ ಅಂದರೆ ಅದೇ. ಉಳಿದ ದುಡ್ಡಿಗೆ ಹನ್ನೆರಡು ಜೊತೆ ಶೂ ಬಂದು, ಮೇಲೆ ಎಲ್ಲರಿಗೂ ಗಿರ್ಮಿಟ್ ಮಿರ್ಚಿ ಆಗುತ್ತಿತ್ತು.

ಜಾಹೀರಾತುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪ್ರೆಸ್ಸಿನ ಬಿಲ್ಲು ಅವರಿಂದಲೇ ಅರ್ಧ ತೀರಿದ್ದು. ಕೊನೆ ಪುಟದ್ದು ಮಾತ್ರ ಹೇಳಲೇಬೇಕು. ಇಡೀ ಪುಟ ಒಂದು ಟ್ಯೂಷನ್ ಕ್ಲಾಸಿನದು. "ಆಟದಲ್ಲಿ ಸಮಯ ಕಳೆಯಬೇಡಿ! ಎಸ್ಸೆಸ್ಸೆಲ್ಸಿಗೆ ಈಗಲೇ ಸೇರಿ! ಸಂಜೆ ನಾಲ್ಕೂವರೆಯಿಂದ ಆರೂವರೆ." ಖೋ ಖೋ ಪ್ರಾಕ್ಟೀಸೂ ಅದೇ ಟೈಮು.

ಬಿಡುಗಡೆ ಸಮಾರಂಭ ಶಾಲೆಯ ಮೈದಾನದಲ್ಲೇ ಆಯಿತು. ಶಾಮಿಯಾನ ಹಾಕಲು ಜಾಗ ಸಾಲದೆ ಖೋ ಖೋ ಕಂಬ ಎರಡನ್ನೂ ಕಿತ್ತರು. ಒಂದಕ್ಕೆ ಬ್ಯಾನರ್ ಕಟ್ಟಿದರು, ಇನ್ನೊಂದಕ್ಕೆ ಮೈಕಿನ ವೈರು. ಮುಖ್ಯ ಅತಿಥಿಗಳು ಎರಡು ತಾಸು ತಡವಾಗಿ ಬಂದು, ಇಂದಿನ ಮಕ್ಕಳು ಮೊಬೈಲ್ ಬಿಟ್ಟು ಮೈದಾನಕ್ಕೆ ಬರಬೇಕು ಅಂತ ಕರೆ ಕೊಟ್ಟರು. ಮಕ್ಕಳು ಹತ್ತು ಗಂಟೆಯಿಂದ ಮೈದಾನದಲ್ಲೇ ಕೂತಿದ್ದರು, ಬಿಸಿಲಲ್ಲಿ. ಖೋ ಖೋ ತಂಡವೂ ವೇದಿಕೆ ಹತ್ತಿತು. ಹಾರದ ತಟ್ಟೆ ಹಿಡಿಯಲು ಬೇಕಿತ್ತು.

ಮರುದಿನ ಆಡಳಿತ ಮಂಡಳಿಯ ತುರ್ತು ಸಭೆ ಕರೆದರು. ಪತ್ರಿಕೆಯಲ್ಲಿ ಭಾರೀ ತಪ್ಪಾಗಿದೆ, ಪ್ರತಿಗಳನ್ನು ಹಂಚಬೇಡಿ ಅಂತ ಫೋನು ಹೋಯಿತು. ಪಿಟಿ ಮಾಸ್ತರಿಗೆ ಎದೆ ಹಗುರಾಯಿತು. ಕೊನೆಗೂ ಯಾರೋ ಕಬಡ್ಡಿ ಅಂತ ಬಿದ್ದದ್ದನ್ನು ನೋಡಿದರಲ್ಲ ಅಂದುಕೊಂಡರು. ಸಭೆಯಲ್ಲಿ ಗೊತ್ತಾಯಿತು, ಮಾಜಿ ಉಪಾಧ್ಯಕ್ಷರೊಬ್ಬರ ಇನಿಷಿಯಲ್‌ನಲ್ಲಿ 'ಬಿ' ಬರಬೇಕಾದಲ್ಲಿ 'ವಿ' ಬಿದ್ದಿತ್ತು. ಸಂಜೆಯೊಳಗೆ ಪ್ರೆಸ್ಸಿನಿಂದ ತಿದ್ದುಪಡಿ ಚೀಟಿ ಬಂತು. ಗೇಣುದ್ದ, ಅದೂ ಮಲ್ಟಿಕಲರ್. ಸಾವಿರ ಪ್ರತಿಗೆ ಒಂದೊಂದು ಅಂಟಿಸಬೇಕು.

ಗಮ್ಮಿನ ಬಾಟಲಿ ಕೊಟ್ಟು ಕೂರಿಸಿದ್ದು ಖೋ ಖೋ ಹುಡುಗಿಯರನ್ನು. ಹೇಗೂ ಕಂಬ ಕಿತ್ತಿದ್ದಾರೆ, ಪ್ರಾಕ್ಟೀಸ್ ಇಲ್ಲ, ಖಾಲಿ ಇದ್ದಾರಲ್ಲ ಅಂತ ಹೆಡ್ ಮಾಸ್ತರು ಹೇಳಿದರು. ಚೀಟಿ ಅಂಟಿಸಬೇಕಾದ ಜಾಗ ಆರನೇ ಪುಟದಲ್ಲಿತ್ತು. ಚೀಟಿ ಉದ್ದ ಜಾಸ್ತಿ ಆಗಿ ಕೆಳಗಿನ ಒಂದೂವರೆ ಸಾಲಿನ ಮೇಲೂ ಕೂತಿತು. ಸಣ್ಣಕಿ ಹೋಗಿ "ಸರ್, ನಮ್ಮ ಸಾಲು ಮುಚ್ಚಿತ್ರೀ" ಅಂದಳು. "ಇರ್ಲಿ ಬಿಡವ್ವಾ, ಹೆಂಗೂ ಅದು ತಪ್ಪಿತ್ತಲ್ಲ" ಅಂದರು ಹೆಡ್ ಮಾಸ್ತರು.