ಒಂದೇ ಕೋರ್ಸು, ಮೂರು ನಂಬರು

ಕ್ಯಾಲಿಫೋರ್ನಿಯಾದ 116 ಕಮ್ಯುನಿಟಿ ಕಾಲೇಜುಗಳೂ ಸರ್ಕಾರದ್ದೇ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಅದೂ ಸರ್ಕಾರದ್ದೇ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು, ಅದೂ ಸರ್ಕಾರದ್ದೇ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಉಳಿದ ಎರಡು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಬಹುದು ಎಂದು ಉನ್ನತ ಶಿಕ್ಷಣಕ್ಕೆಂದು ರಾಜ್ಯ ಮಾಡಿದ 1960ರ ಮಾಸ್ಟರ್ ಪ್ಲಾನ್‌ನಲ್ಲೇ ಬರೆದಿಟ್ಟಿದ್ದಾರೆ. ಆ ದಾರಿಯನ್ನು ಸುಗಮಗೊಳಿಸುವ ಕೆಲಸ ಅಂದಿನಿಂದ ಇಂದಿನವರೆಗೂ ನಡೆಯುತ್ತಲೇ ಇದೆ. ಇಷ್ಟು ವರ್ಷ ಒಂದೇ ಕೆಲಸ ಕೈಬಿಡದೆ ಮಾಡುವ ಸರ್ಕಾರ ಬೇರೆಲ್ಲಿ ಸಿಕ್ಕೀತು?

ಕುಪರ್ಟಿನೊ, ಸನ್ನಿವೇಲ್ ಕಡೆಯ ಕನ್ನಡದ ಮನೆಗಳಲ್ಲಿ ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ, ಕೋರ್ಸನ್ನು ಅಳೆಯುವ ಕ್ರೆಡಿಟ್ ಲೆಕ್ಕದಲ್ಲಿ, ಯೂನಿಟ್‌ಗೆ 46 ಡಾಲರ್. ಯುಸಿಯಲ್ಲಿ ಬರೀ ಫೀಸೇ ವರ್ಷಕ್ಕೆ 14 ಸಾವಿರ ಡಾಲರ್ ದಾಟುತ್ತದೆ. "ಮೊದಲೆರಡು ವರ್ಷ ಡಿ ಆನ್ಜಾ ಕಾಲೇಜಿನಲ್ಲಿ ಓದು ಮಗಳೇ, ಆಮೇಲೆ ಯುಸಿ ಬರ್ಕ್ಲಿಗೆ ಹೋಗುವೆಯಂತೆ" ಎಂದು ಅಪ್ಪ ಹೇಳುವುದರಲ್ಲಿ ತಪ್ಪೇನಿಲ್ಲ. ಊರಲ್ಲಿ ಮೈಗ್ರೇಶನ್ ಸರ್ಟಿಫಿಕೇಟಿಗಾಗಿ ಯೂನಿವರ್ಸಿಟಿಯ ಕಿಟಕಿ ಎದುರು ನಿಂತು ಪಳಗಿದವರಿಗೆ ಇದೇನು ಮಹಾ ಅನ್ನಿಸುತ್ತದೆ. ಪಾಪ, ಅಲ್ಲಿ ಬೈಯುವುದಕ್ಕೆ ಕಿಟಕಿಯ ಹಿಂದೆ ಒಬ್ಬ ಗುಮಾಸ್ತನಾದರೂ ಇದ್ದ. ಇಲ್ಲಿ ಗುಮಾಸ್ತಿಕೆಯನ್ನು ವಿದ್ಯಾರ್ಥಿಗೇ ವಹಿಸಿಬಿಟ್ಟಿದ್ದಾರೆ.

ಗುಮಾಸ್ತಿಕೆ ಶುರುವಾಗುವುದು ಅಸಿಸ್ಟ್ ಎಂಬ ಜಾಲತಾಣದಲ್ಲಿ. ಮೊದಲು ವರ್ಷ ಆರಿಸಬೇಕು, ಆಮೇಲೆ ನಿಮ್ಮ ಕಾಲೇಜು, ಆಮೇಲೆ ಸೇರಬೇಕಾದ ಕ್ಯಾಂಪಸ್ಸು, ಕೊನೆಗೆ ಮೇಜರ್, ಅಂದರೆ ಮುಖ್ಯ ವಿಷಯ. ಎಡಗಡೆ ವಿಶ್ವವಿದ್ಯಾಲಯದ ಕೋರ್ಸು, ಬಲಗಡೆ ಅದಕ್ಕೆ ಸಮ ಎಂದು ಒಪ್ಪಿಕೊಂಡ ನಿಮ್ಮ ಕಾಲೇಜಿನ ಕೋರ್ಸು. ಪದವಿ ತರಗತಿ ಇರುವ ಯುಸಿ ಕ್ಯಾಂಪಸ್ಸುಗಳು ಒಂಬತ್ತು. ಯಾವುದಕ್ಕೆ ಯಾವುದು ಸಮ ಎಂಬುದನ್ನು ಪ್ರತಿಯೊಂದೂ ತಾನೇ ತೀರ್ಮಾನಿಸುತ್ತದೆ. ಒಂದೇ ಮೇಜರ್‌ಗೆ ನಾಲ್ಕು ಕ್ಯಾಂಪಸ್ಸಿಗೆ ಅರ್ಜಿ ಹಾಕಿದರೆ ನಾಲ್ಕು ಬೇರೆ ಬೇರೆ ಪಟ್ಟಿ. ಕೆಲವು ಸಾಲುಗಳಲ್ಲಿ ಬಲಗಡೆ ಖಾಲಿ: ಸಮಾನ ಕೋರ್ಸು ಇಲ್ಲ. ಇಲ್ಲ ಎಂದರೆ ನಿಮ್ಮ ಕಾಲೇಜು ಅದನ್ನು ಕಲಿಸುವುದೇ ಇಲ್ಲ ಎಂದೂ ಇರಬಹುದು, ಕಲಿಸಿದರೂ ಆ ಕ್ಯಾಂಪಸ್ಸು ಇನ್ನೂ ಒಪ್ಪಿಲ್ಲ ಎಂದೂ ಇರಬಹುದು. ಎರಡರಲ್ಲಿ ಯಾವುದು ಎಂದು ಪತ್ತೆ ಮಾಡುವ ಜವಾಬ್ದಾರಿ ಹತ್ತೊಂಬತ್ತರ ಹುಡುಗಿಯದು.

ಇನ್ನು ಕ್ಯಾಲ್ಕುಲಸ್. ಡಿ ಆನ್ಜಾದಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ವರ್ಷಕ್ಕೆ ಎರಡು ಸೆಮಿಸ್ಟರಿನ ಬದಲು ಮೂರು ಚಿಕ್ಕ ಅವಧಿ. ಅಲ್ಲಿ ಕ್ಯಾಲ್ಕುಲಸ್ ಎಂದರೆ 1ಎ, 1ಬಿ, 1ಸಿ, 1ಡಿ ಎಂದು ನಾಲ್ಕು ಕೋರ್ಸು, ಒಂದೊಂದೂ ಐದು ಯೂನಿಟ್. ಸುತ್ತಮುತ್ತಲ ಸೆಮಿಸ್ಟರ್ ಕಾಲೇಜುಗಳಲ್ಲಿ ಅದೇ ಪಾಠ ಮೂರು ಕೋರ್ಸಿನಲ್ಲಿ ಮುಗಿಯುತ್ತದೆ. ಕ್ವಾರ್ಟರ್ ಯೂನಿಟ್ಟನ್ನು ಮೂರನೇ ಎರಡರಿಂದ ಗುಣಿಸಿದರೆ ಸೆಮಿಸ್ಟರ್ ಯೂನಿಟ್. ಹಾಗಾಗಿ ಐದು ಎಂದರೆ 3.33. ಎರಡು ಕ್ವಾರ್ಟರ್ ಮುಗಿಸಿ, ಮನೆ ಬದಲಾಯಿತೆಂದು ಫ್ರೀಮಾಂಟಿನ ಸೆಮಿಸ್ಟರ್ ಕಾಲೇಜಿಗೆ ಹೋದವಳು ಅಲ್ಲಿನ ಎರಡನೇ ಕೋರ್ಸಿನ ನಟ್ಟನಡುವೆ ಬಂದು ಇಳಿಯುತ್ತಾಳೆ. ಮುಂದಿನದಕ್ಕೆ ಹಾರಿದರೆ ಅರ್ಧ ಪಾಠ ತಪ್ಪಿತು, ಹಿಂದಿನದಕ್ಕೆ ಕೂತರೆ ಅರ್ಧ ಪಾಠ ಎರಡೆರಡು ಸಲ. ಇಡೀ ಸರಣಿ ಒಂದೇ ಕಾಲೇಜಿನದ್ದಾದರೆ ಮಾತ್ರ ಸಮ ಎಂದು ಒಪ್ಪಂದವಿದ್ದರಂತೂ ಮೊದಲೆರಡು ಕೋರ್ಸಿನ ಗತಿ ದೇವರಿಗೇ ಗೊತ್ತು. ನ್ಯೂಟನ್ನನ ಪುಣ್ಯ, ಅವನ ಕಾಲದಲ್ಲಿ ಇದಾವುದೂ ಇರಲಿಲ್ಲ.

ಕೋರ್ಸಿನ ನಂಬರುಗಳದ್ದು ಇನ್ನೂ ಮಜಾ. ಫುಟ್‌ಹಿಲ್ ಮತ್ತು ಡಿ ಆನ್ಜಾ ಒಂದೇ ಆಡಳಿತ ಮಂಡಳಿಯ ಅಕ್ಕತಂಗಿ ಕಾಲೇಜುಗಳು. 2025ರವರೆಗೆ ಒಂದರಲ್ಲಿ ಇಂಗ್ಲಿಷ್ ಬರವಣಿಗೆಯ ಮೊದಲ ಕೋರ್ಸು ಇಂಗ್ಲಿಷ್ 1ಎ ಆಗಿತ್ತು, ಇನ್ನೊಂದರಲ್ಲಿ ಅದೇ ಇಡಬ್ಲ್ಯುಆರ್‌ಟಿ 1ಎ. ಹೀಗೆ 116 ಕಡೆ ಬಗೆಬಗೆಯ ಹೆಸರು. ಗೊಂದಲ ಬಗೆಹರಿಸಲು ಸಿ-ಐಡಿ ಎಂಬ ಇನ್ನೊಂದು ಸಂಖ್ಯೆ ತಂದರು. ಸ್ಥಳೀಯ ನಂಬರು ಹಾಗೇ ಉಳಿಯಿತು, ಪಕ್ಕದಲ್ಲಿ ಇದೂ ಕೂತಿತು. 2021ರಲ್ಲಿ ಎಬಿ 1111 ಎಂಬ ಕಾಯ್ದೆ ಬಂದು, ಎಲ್ಲ ಕಾಲೇಜಿಗೂ ಒಂದೇ ನಂಬರು ಇರಬೇಕು, 2024ರ ಜುಲೈ 1ರೊಳಗೆ ಆಗಬೇಕು ಎಂದಿತು. ಆಮೇಲೆ ಗಡುವು 2027ಕ್ಕೆ ಜಾರಿತು. ಮೊದಲ ಕಂತಿನಲ್ಲಿ, 2025ರ ಹೊತ್ತಿಗೆ, ಆರು ಕೋರ್ಸಿಗೆ ಏಕರೂಪದ ನಂಬರು ಸಿಕ್ಕಿತು. ಸಂಖ್ಯಾಶಾಸ್ತ್ರದ ಮೊದಲ ಕೋರ್ಸು ಈಗ ಸ್ಟಾಟ್ ಸಿ1000. ಸಿ-ಐಡಿಯಲ್ಲಿ ಅದು ಮ್ಯಾಥ್ 110. ಹಳೇ ಅಂಕಪಟ್ಟಿಯಲ್ಲಿ ಆಯಾ ಕಾಲೇಜು ಕೊಟ್ಟ ಮೂಲ ನಂಬರು. ಮೂರೂ ಒಂದೇ ಎಂದು ಗುರುತಿಸಬಲ್ಲವರಿಗೆ ಸಂಖ್ಯಾಶಾಸ್ತ್ರದಲ್ಲಿ ನೇರ ಪಾಸು ಕೊಡಬಹುದಿತ್ತು.

ಮೇಜರ್ ಯಾವುದಾದರೂ ಎಲ್ಲರೂ ಓದಬೇಕಾದ ಸಾಮಾನ್ಯ ಶಿಕ್ಷಣದ ಕೋರ್ಸುಗಳಿಗೂ ಹಿಂದೆ ಎರಡು ದಾರಿಯಿದ್ದವು: ಐಜಿಇಟಿಸಿ ಮತ್ತು ಸಿಎಸ್‌ಯು ಬ್ರೆಡ್ತ್. ಎರಡೇಕೆ, ಒಂದು ಸಾಕು ಎಂದು 2021ರ ಎಬಿ 928 ಕಾಯ್ದೆ ಹೇಳಿತು. 2025ರಿಂದ ಕ್ಯಾಲ್-ಜಿಇಟಿಸಿ ಬಂತು: ಹನ್ನೊಂದು ಕೋರ್ಸು, 34 ಯೂನಿಟ್, ಎಲ್ಲದರಲ್ಲೂ ಸಿ ಅಥವಾ ಮೇಲಿನ ಗ್ರೇಡು. ಮೊದಲೇ ಸೇರಿದವರಿಗೆ ಹಳೆಯ ದಾರಿಯ ಹಕ್ಕು ಹಾಗೇ ಇದೆ. ಅಂದಮೇಲೆ ಎರಡನ್ನು ಒಂದು ಮಾಡಹೋಗಿ ಸದ್ಯಕ್ಕೆ ಮೂರಾಯಿತು. ಇಂಜಿನಿಯರಿಂಗ್‌ಗೆ ಹೋಗುವವರಿಗೆ ಇನ್ನೊಂದು ಉಪದೇಶ: ಇದನ್ನೆಲ್ಲ ಮುಗಿಸುತ್ತ ಕೂರಬೇಡಿ, ಮೊದಲು ಗಣಿತ, ಫಿಸಿಕ್ಸ್ ಮುಗಿಸಿ. ಹನ್ನೊಂದೂ ಮುಗಿದ ಮೇಲೆ ಕಾಲೇಜಿನಲ್ಲಿ ಸರ್ಟಿಫಿಕೇಶನ್ ಕೇಳಿ ಪಡೆಯಬೇಕು. ಮುಗಿದಿದೆ ಎಂದು ಕಾಲೇಜಿನ ಕಂಪ್ಯೂಟರಿಗೆ ಗೊತ್ತಿದ್ದರೆ ಸಾಲದು, ನೀವು ಬಾಯಿಬಿಟ್ಟು ಕೇಳಿರಬೇಕು. ಈ ಒಂದು ಕಾಗದ ಮರೆತವರ ತಲೆಗೆ ಕ್ಯಾಂಪಸ್ಸಿನ ಸ್ವಂತ ಸಾಮಾನ್ಯ ಶಿಕ್ಷಣದ ಪಟ್ಟಿ ಹೊಸದಾಗಿ ಬೀಳಬಹುದು.

ಗ್ಯಾರಂಟಿಗಳೂ ಇವೆ. 2010ರ ಎಸ್‌ಬಿ 1440 ಕಾಯ್ದೆಯ ಪ್ರಕಾರ 60 ಯೂನಿಟ್‌ನ ವರ್ಗಾವಣೆ ಪದವಿ ಮುಗಿಸಿದವರಿಗೆ ಸಿಎಸ್‌ಯುನಲ್ಲಿ ಸೀಟು ಖಾತ್ರಿ. ಯಾವ ಕ್ಯಾಂಪಸ್ಸು ಎಂಬುದು ಮಾತ್ರ ಖಾತ್ರಿಯಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಮನೆ ಪಕ್ಕದ ಸ್ಯಾನ್ ಹೋಸೆ ಕೇಳಿದವಳಿಗೆ ನೂರಾರು ಮೈಲಿ ಆಚೆಯ ಕ್ಯಾಂಪಸ್ಸು ತೋರಿಸಿದರೂ ಕಾಯ್ದೆ ಪಾಲನೆಯಾದಂತೆಯೇ. ಯುಸಿಗೆ ಟ್ಯಾಗ್ ಎಂಬ ಬೇರೆಯೇ ಗ್ಯಾರಂಟಿ ಇದೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರರಲ್ಲಿ ಒಂದಕ್ಕೆ ಮಾತ್ರ. ಎಲ್ಲರೂ ಆಸೆಪಡುವ ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಪಟ್ಟಿಯಲ್ಲೇ ಇಲ್ಲ. ಟ್ಯಾಗ್ ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ ಮಾತ್ರ. ಮುಖ್ಯ ಅರ್ಜಿ ಅಕ್ಟೋಬರಿನಿಂದ ಬೇರೆ. ಜನವರಿಯಲ್ಲಿ ಗ್ರೇಡು ಮತ್ತೆ ತುಂಬುವುದು ಇನ್ನೊಂದು. ಎರಡು ವರ್ಷದಲ್ಲಿ ದಾಟಬೇಕಾದವಳು ಎರಡನೇ ವರ್ಷದ ಆರಂಭದಲ್ಲೇ ಅರ್ಜಿ ಹಾಕಬೇಕು. ಅಂದರೆ ಯಾವ ಮೇಜರ್, ಯಾವ ಕ್ಯಾಂಪಸ್ಸು ಎಂಬುದು ಕಾಲೇಜಿಗೆ ಕಾಲಿಟ್ಟ ಮೊದಲ ವಾರಗಳಲ್ಲೇ ಗೊತ್ತಿರಬೇಕು. ಕಮ್ಯುನಿಟಿ ಕಾಲೇಜು ಇರುವುದೇ ಇನ್ನೂ ದಾರಿ ಗೊತ್ತಾಗದವರಿಗೆ ಎಂದು ಅವರ ಜಾಹೀರಾತಿನಲ್ಲಿ ಇರುತ್ತದೆ.

ಇದನ್ನೆಲ್ಲ ನೋಡಿಕೊಳ್ಳಲು ಎಬಿ 928 ಒಂದು ಸಮಿತಿಯನ್ನೂ ನೇಮಿಸಿತು. ಹೆಸರು: ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಇಂಟರ್‌ಸೆಗ್ಮೆಂಟಲ್ ಇಂಪ್ಲಿಮೆಂಟೇಶನ್ ಕಮಿಟಿ. ಒಂದೇ ಉಸಿರಿನಲ್ಲಿ ಹೇಳಿದವರಿಗೆ ಮೂರು ಯೂನಿಟ್ ಕೊಡತಕ್ಕದ್ದು. ಇಷ್ಟಾದರೂ ಕ್ಯಾಲಿಫೋರ್ನಿಯಾವನ್ನೇ ದೂರಬೇಕಿಲ್ಲ: 2004ರಿಂದ 2009ರ ನಡುವೆ ಅಮೆರಿಕದಲ್ಲಿ ಕಾಲೇಜು ಬದಲಿಸಿದವರು ಸರಾಸರಿ 43 ಪ್ರತಿಶತ ಕ್ರೆಡಿಟ್ ಕಳೆದುಕೊಂಡರು ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೇ 2017ರಲ್ಲಿ ಅಂದಾಜು ಕೊಟ್ಟಿದ್ದಾರೆ.

ಹೇಗೂ ಸುಧಾರಣೆ ನಡೆದೇ ಇದೆಯಲ್ಲ, ನಮ್ಮದೂ ಒಂದು ಅಹವಾಲು. ಟ್ರಾನ್ಸ್‌ಫರ್ ಆಗುವುದನ್ನೇ ಒಂದು ಕೋರ್ಸು ಮಾಡಿಬಿಡಿ. ಸಿ1000 ಎಂದೇ ನಂಬರು ಇರಲಿ. ಸೆಮಿಸ್ಟರ್ ಕಾಲೇಜಿನಲ್ಲಿ ಮೂರು ಯೂನಿಟ್, ಕ್ವಾರ್ಟರ್ ಕಾಲೇಜಿನಲ್ಲಿ ನಾಲ್ಕೂವರೆ. ಪಠ್ಯ: ಅಸಿಸ್ಟ್ ಓದುವುದು, ಪ್ರತಿ ಕೋರ್ಸಿನ ಸಿಲಬಸ್ಸನ್ನು ಪಿಡಿಎಫ್ ಮಾಡಿ ಜೋಪಾನವಾಗಿ ಇಡುವುದು, ಸರ್ಟಿಫಿಕೇಶನ್ ಕೇಳುವುದು. ಯುಸಿ ಕ್ಯಾಂಪಸ್ಸುಗಳು ಇದನ್ನು ಸಮಾನವೆಂದು ಒಪ್ಪಬೇಕೋ ಬೇಡವೋ ಎಂದು ಒಂಬತ್ತೂ ಕಡೆ ಪರಿಶೀಲನೆ ನಡೆಯಲಿ. ಉತ್ತರ ಬರುವಷ್ಟರಲ್ಲಿ ವಿದ್ಯಾರ್ಥಿ ದಾಟಿರುತ್ತಾಳೆ, ಇಲ್ಲವೇ ಕಮ್ಯುನಿಟಿ ಕಾಲೇಜಿನಿಂದ ಒಯ್ಯಬಹುದಾದ 70 ಯೂನಿಟ್ಟಿನ ಮಿತಿ ಮೀರಿ ಇನ್ನೊಂದು ಅರ್ಜಿ ತುಂಬುತ್ತಿರುತ್ತಾಳೆ.