ಕುತ್ತಿಗೆ ಕೀಲು ತಪ್ಪಿದ ಕೇಸಿನಲ್ಲಿ ‘ಎ’ ಅಂದರೆ ಮೊದಲ ಭೇಟಿ ಅಲ್ಲ

ಬೆಂಗಳೂರಿನ ಮೆಡಿಕಲ್ ಕೋಡಿಂಗ್ (ರೋಗ, ಗಾಯಗಳನ್ನು ಕೋಡ್‌ಗಳಲ್ಲಿ ಬರೆಯುವ ಕೆಲಸ) ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಕುತ್ತಿಗೆಯ ಮೂಳೆ ಜಾರಿದ ಕೇಸಿನಲ್ಲಿ 7ನೇ ಅಕ್ಷರ ಎ ಮೊದಲ ಭೇಟಿಗೆ ಮಾತ್ರ, ಎರಡನೇ ಭೇಟಿಯಿಂದ ಡಿ.’ (7ನೇ ಅಕ್ಷರ ಅಂದರೆ ಗಾಯದ ಕೋಡಿನ ಕೊನೆಯಲ್ಲಿ ಬರುವ, ಚಿಕಿತ್ಸೆಯ ಹಂತ ತೋರಿಸುವ ಅಕ್ಷರ.)

ಆ ಸಂದೇಶ ತಪ್ಪು. ನಾನೂ ಹಂಚಿದ್ದೆ, ಕ್ಷಮಿಸಿ.

ಅಮೆರಿಕದ ರೋಗ-ಗಾಯಗಳ ಕೋಡ್ ಪಟ್ಟಿಯಾದ ಐಸಿಡಿ-10-ಸಿಎಂನ ಅಧಿಕೃತ ಮಾರ್ಗಸೂಚಿಯ ಪ್ರಕಾರ ಇಲ್ಲಿ ಭೇಟಿಯ ಲೆಕ್ಕ ಬರುವುದೇ ಇಲ್ಲ. ಗಾಯಕ್ಕೆ ಸಕ್ರಿಯ ಚಿಕಿತ್ಸೆ ನಡೆಯುವವರೆಗೂ ಎ. ತುರ್ತು ವಿಭಾಗದಲ್ಲಿ ನೋಡಿದ ಮೇಲೆ ಬೇರೊಬ್ಬ ಸರ್ಜನ್ ಆಪರೇಷನ್ ಮಾಡಿದರೂ ಎ ತಾನೇ. ಸಕ್ರಿಯ ಚಿಕಿತ್ಸೆ ಮುಗಿದು, ವಾಸಿಯಾಗುವ ಹಂತದ ಫಾಲೋಅಪ್‌ಗೆ ಡಿ.

ಜಾಸ್ತಿ ಎಡವುವುದು ಡಾಕ್ಟರ್ ನೋಟ್ಸ್ ಓದಿ ಕೋಡ್ ಆರಿಸುವಾಗ. ಸಿ5-ಸಿ6 (ಕುತ್ತಿಗೆಯ ಐದನೇ, ಆರನೇ ಮೂಳೆ) ನಡುವೆ ಪೂರ್ತಿ ಜಾರಿದ್ದರೆ ಎಸ್13.161, ಭಾಗಶಃ ಜಾರಿದ್ದರೆ ಎಸ್13.160. ಪೂರ್ತಿಯೋ ಭಾಗಶಃವೋ ಅಂತ ಡಾಕ್ಟರ್ ಬರೆದಿಲ್ಲವಾದರೆ ಸುಮ್ನೆ ಊಹಿಸಬೇಡಿ, ಕೇಳಿ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.