ಮಕ್ಕಳ ಬೆಳವಣಿಗೆಯ ತಪಾಸಣೆ: ಪ್ರಶ್ನೆಗಳು ಯಾರ ಮನೆಯವು?

ಅಮೆರಿಕದ ಡೆನ್ವರ್ ನಗರದಲ್ಲಿ 1967ರಲ್ಲಿ ಸಿದ್ಧವಾದ ಬೆಳವಣಿಗೆ ತಪಾಸಣೆಯ ಪರೀಕ್ಷೆಯನ್ನು ಆಮೇಲೆ ಎಷ್ಟೋ ದೇಶಗಳ ವೈದ್ಯರು ಬಳಸಿದರು. ಆ ಊರಿನ ಸುಮಾರು ಸಾವಿರ ಮಕ್ಕಳು ಯಾವ ವಯಸ್ಸಿಗೆ ಏನು ಮಾಡುತ್ತಿದ್ದರೋ ಅದೇ ಅದರ ಅಳತೆ. 1992ರ ಪರಿಷ್ಕೃತ ರೂಪದಲ್ಲೂ ಮಗು ಹಾಲಿಗೆ ಹಾಕಿ ತಿನ್ನುವ ಸೀರಿಯಲ್ ತಿಂಡಿಯನ್ನು ತಾನೇ ಸಿದ್ಧಮಾಡಿಕೊಳ್ಳುತ್ತದೆಯೇ, ಬೋರ್ಡ್ ಆಟವನ್ನೋ ಇಸ್ಪೀಟನ್ನೋ ಆಡುತ್ತದೆಯೇ ಎಂಬ ಪ್ರಶ್ನೆಗಳಿವೆ. ಬೆಳಿಗ್ಗೆ ರೊಟ್ಟಿಯೋ ಉಪ್ಪಿಟ್ಟೋ ಆಗುವ, ನಾಲ್ಕು ವರ್ಷದವರೆಗೂ ಅಜ್ಜಿಯೇ ಕಲಸಿ ತುತ್ತು ಕೊಡುವ ಮನೆಯ ಮಗು ಇಂಥಲ್ಲಿ ಹಿಂದೆ ಬಿದ್ದರೆ, ಅದರಿಂದ ಮಗುವಿನ ಸಾಮರ್ಥ್ಯದ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ.

ಹಾಗೆಂದು ಇಂಥ ಪರೀಕ್ಷೆಗಳೇ ಬೇಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಮಾಹಿತಿಯ ಪ್ರಕಾರ, ಆರೋಗ್ಯವಂತ ಮಗು ಸ್ವತಂತ್ರವಾಗಿ ನಡೆಯಲು ಕಲಿಯುವ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿದೆ, ಶೇ. 4ರಷ್ಟು ಮಕ್ಕಳು ಅಂಬೆಗಾಲಿಡುವುದೇ ಇಲ್ಲ. ಕೂರುವುದು, ನಿಲ್ಲುವುದು, ನಡೆಯುವುದನ್ನು ಇಷ್ಟು ಅಗಲವಾದ ಅವಧಿ ಇಟ್ಟುಕೊಂಡು ನೋಡಿದರೆ ಎಲ್ಲ ದೇಶಗಳಿಗೂ ಬಹುಮಟ್ಟಿಗೆ ಒಂದೇ ಅಳತೆ ಸಾಕು. ತೊಡಕು ಇರುವುದು ಕೈಕೆಲಸ, ಮಾತು ಮತ್ತು ಜನರೊಡನೆ ಬೆರೆಯುವ ರೀತಿಯನ್ನು ಅಳೆಯುವ ಭಾಗಗಳಲ್ಲಿ.

ತಪಾಸಣೆಯ ಕೊಠಡಿಯೊಂದರಲ್ಲಿ ನಾನು ಕಂಡ ಮೂರು ವರ್ಷದ ಹುಡುಗಿ ಮೇಜಿನ ಮೇಲಿದ್ದ ಬಣ್ಣದ ಮರದ ತುಂಡುಗಳನ್ನು ಮುಟ್ಟಲೇ ಇಲ್ಲ. "ಮಂದಿ ಸಾಮಾನು ಮುಟ್ಟಬಾರದಂತ ಕಲಿಸೀವ್ರಿ" ಎಂದು ಅವಳ ತಾಯಿ ಹೇಳುವಷ್ಟರಲ್ಲಿ ಹಾಳೆಯ ಮೇಲೆ 'ಮಾಡಲಿಲ್ಲ' ಎಂದು ಗುರುತು ಬಿದ್ದಾಗಿತ್ತು. ಸ್ವಲ್ಪ ಹೊತ್ತಿನ ನಂತರ ಹೊರಗಿನ ಬೆಂಚಿನಲ್ಲಿ ಅದೇ ಹುಡುಗಿ ಹುರಿದ ಶೇಂಗಾವನ್ನು ಎರಡೇ ಬೆರಳಲ್ಲಿ ಒತ್ತಿ, ಸಿಪ್ಪೆ ಊದಿ, ಒಂದೊಂದೇ ಕಾಳನ್ನು ಅಮ್ಮನ ಅಂಗೈಗೆ ಎಣಿಸಿ ಹಾಕುತ್ತಿದ್ದಳು. ಪರೀಕ್ಷೆಗೆ ಬೇಕಾಗಿದ್ದ ಬೆರಳಿನ ಹಿಡಿತ, ಗಮನ, ಕೊಟ್ಟು ತೆಗೆದುಕೊಳ್ಳುವ ಗುಣ ಎಲ್ಲವೂ ಅಲ್ಲಿತ್ತು. ಬರೆದುಕೊಳ್ಳುವವರು ಮಾತ್ರ ಇರಲಿಲ್ಲ.

ಮಾತಿನ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. "ಮನೆಗೆ ಹೋಗೋಣ" ಎನ್ನುವ ಕನ್ನಡದ ಕೂಸು ಎರಡೇ ಪದಗಳಲ್ಲಿ ವಿಭಕ್ತಿಯನ್ನೂ ಕ್ರಿಯಾಪದದ ರೂಪವನ್ನೂ ಸರಿಯಾಗಿ ಬಳಸಿರುತ್ತದೆ. ಇಂಗ್ಲಿಷಿಗೆಂದು ಮಾಡಿದ ಪಟ್ಟಿಯಂತೆ ಬರೀ ಪದಗಳನ್ನು ಎಣಿಸಿದರೆ ಆ ಜಾಣ್ಮೆ ಲೆಕ್ಕಕ್ಕೆ ಸಿಗುವುದಿಲ್ಲ. ಅಮೆರಿಕದಲ್ಲಿ 9, 18 ಮತ್ತು 30 ತಿಂಗಳಿಗೆ ಇಂಥ ತಪಾಸಣೆಯನ್ನು ಮಕ್ಕಳ ವೈದ್ಯರ ಸಂಘ ಶಿಫಾರಸು ಮಾಡಿರುವುದರಿಂದ, ಅಲ್ಲಿ ನೆಲೆಸಿರುವ ಕನ್ನಡದ ತಂದೆತಾಯಿಗಳು ಮಗುವಿನ ಕನ್ನಡ ಪದಗಳನ್ನೂ ಇಂಗ್ಲಿಷ್ ಪದಗಳನ್ನೂ ಸೇರಿಸಿಯೇ ಲೆಕ್ಕ ಹೇಳಬೇಕು. ಮನೆಯಲ್ಲಿ ಕನ್ನಡ ಆಡುವುದನ್ನಂತೂ ಈ ಕಾರಣಕ್ಕೆ ಖಂಡಿತ ಬಿಡಬಾರದು.

ಇದರ ಇನ್ನೊಂದು ಮುಖ ನನ್ನನ್ನು ಹೆಚ್ಚು ಕಾಡುತ್ತದೆ. ಪ್ರಶ್ನೆಗಳು ನಮ್ಮ ಬದುಕಿಗೆ ಹೊಂದುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾದಾಗ, ನಿಜವಾದ ತೊಂದರೆಯ ಸೂಚನೆಯನ್ನೂ ಜನ ಅದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. "ನಮ್ಮ ಮನೆತನದಲ್ಲಿ ಗಂಡುಮಕ್ಕಳಿಗೆ ಮಾತು ತಡ" ಎಂದು ಸಮಾಧಾನಪಟ್ಟುಕೊಳ್ಳುವ ಮನೆಯಲ್ಲಿ, ಕಿವಿ ಕೇಳಿಸದ ಮಗುವಿನ ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ.

ಬೇರೆ ದಾರಿ ಇದೆ ಎಂಬುದನ್ನು ಮಲಾವಿ ದೇಶ ತೋರಿಸಿದೆ. ಅಲ್ಲಿ ಕೆಲಸ ಮಾಡಿದ ಸಂಶೋಧಕರು ಪಾಶ್ಚಾತ್ಯ ಪ್ರಶ್ನೆಗಳನ್ನು ಬರೀ ಅನುವಾದಿಸಿ ಸುಮ್ಮನಾಗಲಿಲ್ಲ. ಹಳ್ಳಿಯವರನ್ನು ಕೇಳಿ, ಹೊಂದದ್ದನ್ನು ಬಿಟ್ಟು, ಅಲ್ಲಿನ ಸುಮಾರು 1,400 ಮಕ್ಕಳಲ್ಲಿ ಪರೀಕ್ಷಿಸಿ ತಮ್ಮದೇ ಸಾಧನವನ್ನು 2010ರಲ್ಲಿ ಪ್ರಕಟಿಸಿದರು. ನಮ್ಮಲ್ಲೂ ಬರೋಡಾದಲ್ಲಿ ಸಂಶೋಧಕಿ ಪ್ರಮಿಳಾ ಫಾಟಕ್ ಅವರು ಭಾರತೀಯ ಶಿಶುಗಳಿಗಾಗಿ ಮಾನದಂಡಗಳನ್ನು ರೂಪಿಸಿದರು. ಅದರ ಆಧಾರದಿಂದ ತಿರುವನಂತಪುರದಲ್ಲಿ ಬರೀ 17 ಅಂಶಗಳ, ಎರಡು ವರ್ಷದೊಳಗಿನ ಮಕ್ಕಳ ಪಟ್ಟಿ 1991ರಲ್ಲಿ ಬಂತು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇರುವ ರಾಜ್ಯದಲ್ಲಿ ರಾಯಚೂರು, ಮಂಡ್ಯ, ಕರಾವಳಿಯ ಮಕ್ಕಳನ್ನೆಲ್ಲ ಒಳಗೊಂಡ, ತುಳು ಮತ್ತು ಉರ್ದು ಮನೆಮಾತಿನವರನ್ನು ಬಿಡದ ಇಂಥದೊಂದು ಕೆಲಸ ಖಂಡಿತ ಸಾಧ್ಯ.

ಅಲ್ಲಿಯವರೆಗೂ ಕಾಯಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಭೇಟಿ ಕೊಡಬೇಕೆಂಬ ನಿಯಮವಿದೆ. ಆ ದಿನ ಮಗುವನ್ನು ನಿತ್ಯ ನೋಡುವ ಅಂಗನವಾಡಿ ಕಾರ್ಯಕರ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಮಗು ಏನನ್ನಾದರೂ ಮಾಡದಿದ್ದರೆ, ಆ ವಸ್ತುವನ್ನು ಅದು ಮೊದಲು ಕಂಡಿದೆಯೇ ಎಂದು ಕೇಳಲಿ. ಕಂಡಿಲ್ಲದಿದ್ದರೆ ಅದೇ ಕೌಶಲವನ್ನು ಮನೆಯ ಸಾಮಾನಿನಿಂದ ಮಾಡಿಸಿ ನೋಡಲಿ. ಆಗಲೂ ಆಗದಿದ್ದರೆ ಈ ಕಾರ್ಯಕ್ರಮದ ಜಿಲ್ಲಾ ಚಿಕಿತ್ಸಾ ಕೇಂದ್ರಕ್ಕೆ ಕಳಿಸಿ, ಮಾತು ತಡವಾಗಿರುವ ಪ್ರತಿಯೊಂದು ಮಗುವಿಗೂ ಮೊದಲು ಶ್ರವಣ ಪರೀಕ್ಷೆ ಮಾಡಿಸಲಿ.